ಕಾಲು ಎತ್ತಿದರೆ ನಿಲ್ಲುವ ಸದ್ದು

ಬಸ್ಸು ಹತ್ತಿದವರು ಮೊದಲು ನೋಡುವುದು ಖಾಲಿ ಸೀಟು. ನಾನು ನೋಡುವುದು ಡ್ರೈವರನ ಎಡಗಾಲು. ಬೇಕೆಂದು ನೋಡುವುದಲ್ಲ, ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಗೇರು ಬದಲಾಯಿಸಿದ ಮೇಲೆ ಆ ಕಾಲು ಕ್ಲಚ್ಚಿನ ಪೆಡಲ್ಲಿನಿಂದ ಇಳಿದು ಪಕ್ಕಕ್ಕೆ ಬಂದರೆ ನನಗೆ ಸಮಾಧಾನ. ಆಮೇಲೆ ಕಿಟಕಿಯಾಚೆ ಗದ್ದೆ, ತೋಟ, ಕೊಕ್ಕರೆ ಎಲ್ಲವನ್ನೂ ನೋಡಿಕೊಂಡು ಕೂರಬಲ್ಲೆ. ಕಾಲು ಅಲ್ಲೇ ಉಳಿಯಿತೋ, ನಾನು ಇಳಿಯುವ ಊರು ಬಂದರೂ ನನಗೆ ಗೊತ್ತಾಗುವುದಿಲ್ಲ. ಒಮ್ಮೆ ನಾಗಮಂಗಲದ ಬಸ್ಸಿನಲ್ಲಿ ಬಾನೆಟ್ಟಿನ ಪಕ್ಕದ ಸೀಟೇ ಸಿಕ್ಕಿಬಿಟ್ಟಿತ್ತು. ಡ್ರೈವರು ಪಾಪ, ಬಹಳ ಹೊತ್ತು ಸಹಿಸಿಕೊಂಡಿದ್ದು ಕೊನೆಗೆ ಕೇಳಿಯೇಬಿಟ್ಟ.

"ಏನಮ್ಮೋ, ಆಗ್ಲಿಂದ ನನ್ ಕಾಲ್ ತಾವ್ಲೇ ನೋಡ್ತಾ ಇದ್ದೀರಲ್ಲ, ಏನಾದ್ರೂ ಬೀಳಿಸ್ಕಂಡ್ರಾ?"

"ಇಲ್ಲಪ್ಪ, ಕಾಲು ಎತ್ತಿ ಪಕ್ಕಕ್ಕಿಡು. ಬೇರಿಂಗು ಸವೆಯುತ್ತೆ" ಅಂದೆ.

ಅವನು ಕಂಡಕ್ಟರನ ಕಡೆ ತಿರುಗಿ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ. ಆದರೆ ಕಾಲು ಎತ್ತಿದ, ನನಗೆ ಅಷ್ಟೇ ಬೇಕಾಗಿದ್ದದ್ದು.

ನಿಮಗೂ ಇಂಥದ್ದೊಂದು ಚಟ ಇದ್ದೀತು. ಹಾಕಿದ ಬೀಗವನ್ನೇ ಮತ್ತೆ ಮತ್ತೆ ಜಗ್ಗಿ ನೋಡುವವರಿದ್ದಾರೆ, ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುವವರಿದ್ದಾರೆ. ಯಾರ ಚಟಕ್ಕೂ ಕಾರಣ ಇಲ್ಲದೆ ಇರುವುದಿಲ್ಲ. ನನ್ನ ಚಟದ ಕಾರಣ ಹೇಳಬೇಕಾದರೆ ನಮ್ಮ ಮಾವನವರನ್ನು, ಅವರ ಹಳೆಯ ಕಾರನ್ನು, ಆ ಕಾರಿನ ಹೊಟ್ಟೆಯಲ್ಲಿ ಕೂತು ಕೂಗುತ್ತಿದ್ದ ಒಂದು ಸದ್ದನ್ನು ನಿಮಗೆ ಪರಿಚಯ ಮಾಡಿಕೊಡಬೇಕು.

ನನ್ನ ತವರು ನಾಗಮಂಗಲ. ತಂದೆ ಪ್ರೈಮರಿ ಸ್ಕೂಲಿನ ಮೇಷ್ಟ್ರು. ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಕಂಚುಗಾರರು ಬೆಳಗಿನಿಂದ ಸಂಜೆಯ ತನಕ ಚೊಂಬು, ಕೊಳಗ, ತಪ್ಪಲೆ ಬಡಿಯುತ್ತಿದ್ದರು. ಬೇರೆ ಊರಿಂದ ಬಂದ ನೆಂಟರು ತಲೆನೋವು ಅಂತ ಹಣೆಗೆ ಪಟ್ಟಿ ಕಟ್ಟಿಕೊಂಡು ಕೂರುತ್ತಿದ್ದರೆ ನಾವು ಮಕ್ಕಳು ಆ ಸದ್ದಿನ ಮೇಲೆಯೇ ಮಧ್ಯಾಹ್ನದ ನಿದ್ದೆ ತೆಗೆಯುತ್ತಿದ್ದೆವು. ಅಮಾವಾಸ್ಯೆಯ ದಿನ ಅವರಿಗೆ ರಜ. ಅವತ್ತು ಬೀದಿಯೆಲ್ಲ ನಿಶ್ಶಬ್ದ, ನಮಗೆ ಮಾತ್ರ ನಿದ್ದೆ ಬಾರದೆ ಹೊರಳಾಟ. ಸದ್ದು ಇದ್ದರೆ ಎಲ್ಲ ಸರಿಯಾಗಿದೆ, ನಿಂತರೆ ಏನೋ ಆಗಿದೆ ಅನ್ನುವುದು ನಾನು ತವರಿನಿಂದ ಕಟ್ಟಿಕೊಂಡು ಹೋದ ಜ್ಞಾನ. ಅತ್ತೆಮನೆಯಲ್ಲಿ ಅದು ತಿರುಗುಮುರುಗಾಯಿತು.

ಅತ್ತೆಮನೆ ಪೇಟೆಯಲ್ಲಿ. ಪೇಟೆ ಅಂದರೆ ಕೃಷ್ಣರಾಜಪೇಟೆ; ಅಷ್ಟುದ್ದದ ಹೆಸರನ್ನು ಊರಿನವರು ಬಸ್ಸಿನ ಬೋರ್ಡಿಗೆ ಬಿಟ್ಟುಕೊಟ್ಟಿದ್ದರು. ಅರವತ್ತರ ದಶಕ ಅದು. ಹೊರಡುವಾಗ ನಮ್ಮಮ್ಮ ಕಣ್ಣೊರೆಸಿಕೊಂಡು ಹೇಳಿದ ಬುದ್ಧಿಮಾತು ಒಂದೇ: "ಮಾವನ ಮುಂದೆ ತಲೆ ಎತ್ತಬೇಡ, ದನಿಯನ್ನೂ ಎತ್ತಬೇಡ." ಆಗ ಸೊಸೆಯಂದಿರಿಗೆ ಇದ್ದ ಪದ್ಧತಿಯೇ ಹಾಗೆ. ಮಾವ ಒಳಗೆ ಬಂದರೆ ಎದ್ದು ನಿಲ್ಲಬೇಕು, ಸೆರಗು ಹೊದೆಯಬೇಕು, ಬಾಗಿಲ ಮರೆಗೆ ಸರಿಯಬೇಕು, ಕಣ್ಣು ನೆಲದ ಮೇಲಿರಬೇಕು. ಏನಾದರೂ ಹೇಳಬೇಕಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅದನ್ನು ಮಾವನಿಗೆ ದಾಟಿಸುತ್ತಿದ್ದರು. "ಮಜ್ಜಿಗೆ ಬೇಕಾ ಅಂತ ಕೇಳ್ತಾವ್ಳೆ ನಿಮ್ ಸೊಸೆ" ಅಂತ ಅತ್ತೆ. "ಬೇಕು ಅನ್ನು" ಅಂತ ಮಾವ. ನಾನು ಇಬ್ಬರ ನಡುವೆ ಮಜ್ಜಿಗೆ ಹಿಡಿದು ನಿಂತಿರುತ್ತಿದ್ದೆ.

ಈ ಪದ್ಧತಿಯಿಂದ ಒಂದು ವಿಚಿತ್ರವಾಯಿತು. ಮಾವನವರ ಮುಖಕ್ಕಿಂತ ಅವರ ಕಾಲು ನನಗೆ ಚೆನ್ನಾಗಿ ಪರಿಚಯವಾಯಿತು. ಅಗಲವಾದ ಪಾದ, ಹೆಬ್ಬೆರಳಿಗಿಂತ ಉದ್ದವಾದ ಎರಡನೇ ಬೆರಳು, ಹಿಮ್ಮಡಿಯಲ್ಲಿ ಬೇಸಿಗೆಯ ಕೆರೆಯಂತೆ ಬಿರುಕು, ಟೈರಿನ ಅಟ್ಟೆಯ ಮೆಟ್ಟು. ಸಂತೆಯಲ್ಲಿ ಎದುರಿಗೆ ಸಿಕ್ಕಿದ್ದರೆ ಮುಖ ನೋಡಿ ಯಾರೋ ಅಂದುಕೊಳ್ಳುತ್ತಿದ್ದೆನೋ ಏನೋ, ಕಾಲು ನೋಡಿದರೆ ತಕ್ಷಣ ಸೆರಗು ಹೊದೆಯುತ್ತಿದ್ದೆ. ಅವರ ಕೋಪವೂ ನನಗೆ ಕಾಲಿನಿಂದಲೇ ತಿಳಿಯುತ್ತಿತ್ತು. ಸಿಟ್ಟು ಬಂದರೆ ಬಲಗಾಲಿನ ಹೆಬ್ಬೆರಳು ನೆಲ ಕೆರೆಯುತ್ತಿತ್ತು.

ಮಾವನವರದು ಬೆಲ್ಲದ ಮಂಡಿ. ಸುತ್ತಲ ಹಳ್ಳಿಗಳ ಆಲೆಮನೆಗಳಿಂದ ಗಾಡಿಗಳಲ್ಲಿ ಬೆಲ್ಲ ಬಂದು ಬೀಳುತ್ತಿತ್ತು. ಪ್ರತಿ ಗಾಡಿಯಿಂದ ಒಂದೊಂದು ಅಚ್ಚು ಎತ್ತಿ, ಒಂದು ಚೂರು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟುತ್ತಿದ್ದರು. ಗಟ್ಟಿ ಬೆಲ್ಲ ಟಕ್ ಅನ್ನುತ್ತದೆ, ನೀರು ಬಿಡುವ ಬೆಲ್ಲ ದಬ್ ಅನ್ನುತ್ತದೆ. "ನಾಲ್ಗೆ ಸುಳ್ಳೇಳ್ಬೋದು, ಕಿವಿ ಏಳಲ್ಲ" ಅನ್ನುವುದು ಅವರ ಮಾತು. ಬೆಳಗಿನಿಂದ ಸಂಜೆಯವರೆಗೆ ಹೀಗೆ ಚೂರು ಚೂರು ಬಾಯಿಗೆ ಹೋಗುತ್ತಿತ್ತು. ಮನೆಗೆ ಬಂದು ಮತ್ತೆ ಬೆಲ್ಲದ ಕಾಫಿ.

ಹರೆಯದಲ್ಲಿ ಸ್ವಂತ ಎತ್ತಿನ ಗಾಡಿ ಹೊಡೆದುಕೊಂಡು ಮೈಸೂರಿನವರೆಗೂ ಬೆಲ್ಲ ಸಾಗಿಸಿದ್ದವರು. ಗಾಡಿಯ ಮುಂದಿನ ಮೂಕಿಮರದ ಮೇಲೆ ಕೂತು, ಕಾಲಿನ ಹೆಬ್ಬೆರಳನ್ನು ಎತ್ತಿನ ಬಾಲದ ಬುಡಕ್ಕೆ ತಿವಿದು ಓಡಿಸಿದವರು. ಅಂಥವರು ವಯಸ್ಸಾದ ಮೇಲೆ ಒಂದು ಕಾರು ಕೊಂಡರು. ವರ್ಗವಾಗಿ ಹೋಗುತ್ತಿದ್ದ ಯಾರೋ ಅಧಿಕಾರಿಯಿಂದ ಕೈ ಬದಲಾದ ಹಳೆಯ ಕಾರು. ಮೂತಿ ದುಂಡಗೆ, ಬೆನ್ನು ಗೂನು, ಬಣ್ಣ ಮಾಸಿದ ಹಸಿರು. ಅದನ್ನು ಓಡಿಸಲು ಅವರೇ ಕಲಿತರು. ಪಾಂಡವಪುರದ ಸಂತೆಗೆ, ಅಕ್ಕಿಹೆಬ್ಬಾಳಿನ ಗದ್ದೆಗೆ, ಶ್ರೀರಂಗಪಟ್ಟಣದ ರಂಗನಾಥನಿಗೆ, ಎಲ್ಲಕ್ಕೂ ಕಾರೇ. ಮಗನಿಗಿಂತ ಹೆಚ್ಚು ಅದರ ಮೈ ಸವರಿದ್ದು ಅಂತ ಅತ್ತೆ ಅನ್ನುತ್ತಿದ್ದರು. ಮಗ ಅಂದರೆ ನಮ್ಮವರು, ಒಬ್ಬನೇ ಮಗ, ಹೆಸರು ನಂಜುಂಡ. ಇವತ್ತು ಬರೆದುಬಿಟ್ಟೆ, ಆಗ ಬಾಯಲ್ಲಿ ಹೇಳುವಂತಿರಲಿಲ್ಲ.

ಆ ಕಾರಿಗೆ ಒಂದು ದಿನ ಸದ್ದು ಬಂತು.

ಮೊದಲು ಕೇಳಿಸಿದ್ದು ಮಾವನವರಿಗೆ. "ಒಳ್ಗೆ ಎಲ್ಲೋ ಕಿರ್ ಅಂತೈತೆ" ಅಂದರು. ಯಾರಿಗೂ ಕೇಳಿಸಲಿಲ್ಲ. ಸ್ವಲ್ಪ ದಿನ ಕಳೆಯುವುದರಲ್ಲಿ ಅತ್ತೆಗೂ ಕೇಳಿಸಿತು, ಹಿಂದಿನ ಸೀಟಿನಲ್ಲಿದ್ದ ನನಗೂ ಕೇಳಿಸಿತು. ಕಬ್ಬಿನ ಗದ್ದೆಯಲ್ಲಿ ಸಂಜೆ ಜೀರುಂಡೆ ಕೂಗುತ್ತದಲ್ಲ, ಆ ಥರ. ಕಾರು ಹೊರಟರೆ ಶುರು, ನಿಂತರೆ ಬಂದ್. ನಾಗಮಂಗಲದಲ್ಲಿ ಸದ್ದಿನ ಮೇಲೆ ನಿದ್ದೆ ಮಾಡಿದ ನಾನು ಈ ಸದ್ದಿಗೆ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ.

ಪೇಟೆಯಲ್ಲಿ ಆಗ ಇದ್ದ ಕಾರುಗಳಿಗಿಂತ ಕಾರಿನ ಪಂಡಿತರೇ ಹೆಚ್ಚು. ಹೋಟೆಲಿನ ಮುಂದೆ ಕಾರು ನಿಂತರೆ ಸಾಕು, ಪಂಚಾಯಿತಿ ಸೇರುತ್ತಿತ್ತು. ಫ್ಯಾನಿನ ಬೆಲ್ಟು ಅಂದವನೊಬ್ಬ, ಗ್ರೀಸು ಆರಿದೆ ಅಂದವನೊಬ್ಬ. ಸೀಟಿನ ನಾರಿನೊಳಗೆ ಜೀರುಂಡೆಯೇ ಸೇರಿಕೊಂಡಿದೆ ಅಂತ ಒಬ್ಬ ಪುಣ್ಯಾತ್ಮ ಸೀಟು ಬಿಚ್ಚಿಸಿ ಬಿಸಿಲಿಗೆ ಹಾಕಿಸಿದ. ಅತ್ತೆಗೆ ಯಾವ ಪಂಡಿತರ ಮೇಲೂ ನಂಬಿಕೆಯಿಲ್ಲ, ಕಣ್ಣು ಬಿದ್ದಿದೆ ಅನ್ನುವುದೇ ಅವರ ತೀರ್ಮಾನ. ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಕಾರು ದಾಟಿಸಿದರು. ಕಾರು ನಿಂಬೆಹಣ್ಣನ್ನು ಜಜ್ಜಿ, ಕಿರ್ ಅನ್ನುತ್ತಲೇ ಮುಂದೆ ಹೋಯಿತು.

ಕಷ್ಟ ಶುರುವಾದದ್ದು ನಮ್ಮವರು ಓಡಿಸಿ ನೋಡಿದಾಗ. ಸದ್ದು ಇಲ್ಲ! ಹೇಮಾವತಿ ಹೊಳೆಯವರೆಗೂ ಹೋಗಿ ಬಂದರು, ಒಂದೇ ಒಂದು ಸಲವೂ ಕಿರ್ ಅನ್ನಲಿಲ್ಲ. ಊರಿನ ಮೆಕ್ಯಾನಿಕ್ ಓಡಿಸಿದ, ಆಗಲೂ ಇಲ್ಲ. ಮಾವನವರು ಕೂತರು, ಗೇರು ಹಾಕಿದರು, ಕಿರ್ರ್.

"ಅಪ್ಪಾ, ತಪ್ಪು ಕಾರ್ದಲ್ಲ, ನಿಂದು" ಅಂದರು ನಮ್ಮವರು. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ, ಅಂಗಾಯ್ತು. ಎತ್ತಿನ್ ಬಾಲಕ್ಕೆ ಕಾಲ್ ತಿವ್ದು ಅಭ್ಯಾಸ ಆಗದೆ ನಿಂಗೆ. ಕ್ಲಚ್ಚಿನ್ ಮೇಲೂ ಅಂಗೇ ಕಾಲ್ ಊರ್ಕಂಡ್ ಕೂತಿರ್ತೀಯ."

"ಯಾವನ್ಲಾ ಕಾಲ್ ಊರೋನು? ಗೇರ್ ಆಕ್ವಾಗ ತುಳೀತೀನಿ, ಆದ್ಮೇಲೆ ತೆಗ್ದು ಕೆಳಿಕ್ ಇಡ್ತೀನಿ. ನಂಗೇನ್ ಗೊತ್ತಾಗಾಕಿಲ್ವ?"

"ಮತ್ತೆ ನಾನ್ ಓಡಿಸ್ದಾಗ ಯಾಕ್ ಕೂಗಲ್ಲ ಅದು?"

"ನಾನ್ ಅಂದ್ರೆ ಅದ್ಕೂ ಸದರ ಕಣ್ಲಾ" ಅಂದರು ಮಾವ. ಬಲಗಾಲಿನ ಹೆಬ್ಬೆರಳು ನೆಲ ಕೆರೆಯಲು ಶುರುವಾಗಿತ್ತು.

ನಗುವ ವಿಷಯದಂತೆ ಕಾಣುತ್ತದೆ, ಆದರೆ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಮಾವನವರ ಓಡಾಟವೆಲ್ಲ ಆ ಕಾರಿನಲ್ಲಿತ್ತು, ಊರಿನಲ್ಲಿ ಅವರ ಗತ್ತೂ ಅದರಲ್ಲೇ ಇತ್ತು. ಅದೇ ಸಮಯದಲ್ಲಿ ಇನ್ನೊಂದು ನಡೆದಿತ್ತು. ಗದ್ದೆಯಿಂದ ಬರುವಾಗ ಒಂದೇ ಕಾಲಿಗೆ ಮೆಟ್ಟು ಹಾಕಿಕೊಂಡು ಮನೆಯೊಳಗೆ ಬಂದುಬಿಟ್ಟಿದ್ದರು. ಎಡಗಾಲಿನದು ಎಲ್ಲಿ ಬಿತ್ತೋ ಗೊತ್ತೇ ಇಲ್ಲ. "ಮೈ ಮೇಲೆ ಗ್ಯಾನ ಐತಾ ನಿಮ್ಗೆ?" ಅಂತ ಅತ್ತೆ ನಕ್ಕರು, ನಾನೂ ಬಾಗಿಲ ಮರೆಯಲ್ಲಿ ನಕ್ಕೆ. ನಮ್ಮವರು ಮಾತ್ರ ನಗಲಿಲ್ಲ. ಅಪ್ಪನಿಗೆ ಅರುಳುಮರುಳು ಶುರುವಾಗಿದೆ, ಇಂಥವರ ಕೈಗೆ ಕಾರು ಕೊಟ್ಟರೆ ಒಂದು ದಿನ ನಾಲೆಗೆ ಬೀಳಿಸುತ್ತಾರೆ ಅನ್ನುವುದು ಅವರ ಭಯ. ಪಾಂಡವಪುರದಲ್ಲಿ ಕಾರು ಕೊಳ್ಳುವವರೊಬ್ಬರನ್ನು ಗೊತ್ತೂ ಮಾಡಿಬಿಟ್ಟರು. ಮಾವನವರು ಊಟ ಬಿಟ್ಟು ಕೂತರು. ಕೊನೆಗೆ ಅತ್ತೆ ನಡುವೆ ಬಂದು ಒಂದು ರಾಜಿ ಮಾಡಿಸಿದರು. ಶ್ರೀರಂಗಪಟ್ಟಣದ ಗಫೂರ್ ಮೇಸ್ತ್ರಿ ಸುತ್ತ ನಾಲ್ಕು ತಾಲ್ಲೂಕಿಗೆ ಹೆಸರಾದವನು. ಅವನ ಹತ್ತಿರ ಕಾರು ತೋರಿಸುವುದು. ಸದ್ದು ಕಾರಿನದು ಅಂತ ಅವನಂದರೆ ರಿಪೇರಿ, ಕಾರು ಮಾವನವರ ಕೈಯಲ್ಲೇ ಇರುತ್ತದೆ. ಓಡಿಸುವವರದು ಅಂತ ಅವನಂದರೆ ಅಲ್ಲಿಂದ ವಾಪಸು ಬರುವಾಗಲೇ ಪಾಂಡವಪುರದಲ್ಲಿ ಕಾರು ಬಿಟ್ಟು ಬಸ್ಸಿನಲ್ಲಿ ಮನೆಗೆ. ಹೇಗೂ ಅಲ್ಲಿವರೆಗೆ ಹೋಗುವುದು, ರಂಗನಾಥನ ದರ್ಶನವೂ ಆಗಲಿ ಅಂತ ಅತ್ತೆ ನನ್ನನ್ನೂ ಹೊರಡಿಸಿದರು.

ಹೋಗುವಾಗ ಓಡಿಸಿದ್ದು ಮಾವನವರೇ. ಪಟ್ಟು ಹಿಡಿದು ಓಡಿಸಿದರು. ಚಿನಕುರಳಿ ದಾಟಿದರೂ ಕಾರಿನಲ್ಲಿ ಸದ್ದು ಒಂದೇ ಮಾತಾಡುತ್ತಿತ್ತು. ಪಾಂಡವಪುರ ಬಂದಾಗ ನಮ್ಮವರು ಕಾರು ಕೊಳ್ಳುವವರ ಮನೆಯ ದಾರಿಯನ್ನು ಒಮ್ಮೆ ನೋಡಿದರು. ಮಾವನವರೂ ಅದನ್ನು ನೋಡಿರಬೇಕು, ಕಾರು ಸ್ವಲ್ಪ ಜೋರಾಯಿತು.

ಗಫೂರ್ ಮೇಸ್ತ್ರಿಯ ಷೆಡ್ಡು ಕೋಟೆಯ ಗೋಡೆಯ ಪಕ್ಕದ ಒಂದು ಹುಣಸೆಮರದ ಕೆಳಗಿತ್ತು. ದಪ್ಪ ಆಸಾಮಿ, ಮದರಂಗಿ ಹಚ್ಚಿದ ಕೆಂಪು ಗಡ್ಡ, ಬಾಯಿ ತುಂಬ ಎಲೆಅಡಿಕೆ. ತನ್ನ ವಿದ್ಯೆಯ ಬಗ್ಗೆ ಯಾವ ಸಂಕೋಚವೂ ಇಲ್ಲದ ಮನುಷ್ಯ. "ಬನ್ನಿ ಯಜಮಾನ್ರೇ, ಬನ್ನಿ. ಪೇಟೆಯಿಂದ ಇಲ್ಲಿಗಂಟ ಎಷ್ಟ್ ಜನ ಇದ್ರ ಹೊಟ್ಟೆಗೆ ಕೈ ಹಾಕವ್ರೋ, ಪಾಪ" ಅಂತ ಕಾರಿನ ಮೂತಿ ಸವರಿದ. ರೋಗ ಏನು ಅಂತ ಕೇಳುವ ಮೊದಲು ಎಲ್ಲರನ್ನೂ ಬಾಯಿ ಮುಚ್ಚಿಸಿದ. ತಾನೇ ಸೀಟಿನಲ್ಲಿ ಕೂತು ಎಂಜಿನ್ ಹಾಕಿದ. ಗೇರಿಲ್ಲ, ಪೆಡಲ್ಲಿನ ಮೇಲೆ ಕಾಲಿಲ್ಲ; ಸದ್ದಿಲ್ಲ. ಪೆಡಲ್ಲನ್ನು ಪೂರ್ತಿ ತುಳಿದ, ಸದ್ದಿಲ್ಲ. ನಮ್ಮವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಗಫೂರ್ ಚಪ್ಪಲಿ ಬಿಟ್ಟು, ಬರಿಗಾಲಿನ ತುದಿಯಿಂದ ಪೆಡಲ್ಲನ್ನು ಮೆತ್ತಗೆ, ಮಲಗಿದವರನ್ನು ಎಬ್ಬಿಸುವ ಹಾಗೆ ಮುಟ್ಟಿದ.

ಕಿರ್ರ್ ಅಂದಿತು.

"ಸಿಕ್ತು ಚೋರ್!" ಅಂತ ಗಫೂರ್ ತೊಡೆ ತಟ್ಟಿದ. ಮಾವನವರು ಅವನಿಗಿಂತ ಜೋರಾಗಿ, "ನೋಡ್ದೇನ್ಲಾ ನಂಜಾ! ಕಾರ್ದೇ ಸದ್ದು ಅಂತ ನಾನ್ ಏಳ್ನಿಲ್ವಾ?" ಅಂದರು.

ಗಫೂರ್ ಒಂದು ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ತುದಿಯನ್ನು ಗೇರ್‌ಬಾಕ್ಸಿನ ಮೈಗೆ, ಹಿಡಿಯನ್ನು ತನ್ನ ಕಿವಿಗೆ ಇಟ್ಟುಕೊಂಡು ಮತ್ತೊಮ್ಮೆ ಕೇಳಿಸಿಕೊಂಡ. ಡಾಕ್ಟರು ಎದೆ ನೋಡಿದ ಹಾಗೆ ನೋಡಿ, ಎದ್ದು, ಎಲೆಅಡಿಕೆ ಉಗುಳಿ ಬಂದು ಪಾಠ ಶುರುಮಾಡಿದ. ಎಂಜಿನ್ ಸದಾ ತಿರುಗುತ್ತಿರುತ್ತದೆ. ಗೇರು ಹಾಕಬೇಕಾದರೆ ಅದರ ಹಿಡಿತವನ್ನು ಒಂದು ಗಳಿಗೆ ಬಿಡಿಸಬೇಕು. ಕ್ಲಚ್ಚಿನ ಕೆಲಸ ಅದು. ಪೆಡಲ್ಲು ತುಳಿದಾಗ ಬಳೆಯಂಥ ಒಂದು ಬೇರಿಂಗು ಮುಂದೆ ಹೋಗಿ ತಿರುಗುವ ಚಕ್ರವನ್ನು ಒತ್ತುತ್ತದೆ, ಕಾಲು ತೆಗೆದರೆ ಹಿಂದೆ ಬಂದು ಸುಮ್ಮನೆ ಕೂರುತ್ತದೆ.

"ಬೇರಿಂಗ್ ಅಂದ್ರೆ ನೆಂಟ ಇದ್ದಂಗೆ ಯಜಮಾನ್ರೇ. ಬರ್ಬೇಕು, ಕಾಫಿ ಕುಡೀಬೇಕು, ಹೋಗ್ಬೇಕು. ಅಲ್ಲೇ ಠಿಕಾಣಿ ಹೂಡಿದ್ರೆ ಮನೇಲಿ ಕಿರಿಕಿರಿ. ಇದು ಸವೆದು ಹೋಗೈತೆ. ಪೂರಾ ಒತ್ತಿದ್ರೆ ಗಪ್‌ಚುಪ್, ಸುಮ್ನೆ ಮುಟ್ಟಿದ್ರೆ ಅಳ್ತೈತೆ. ಕಾರು ಓಡೋವಾಗ ಪೂರಾ ಆವಾಜ್ ಬರ್ತೈತೆ ಅಂದ್ರೆ, ಓಡ್ಸೋರು ಪೂರಾ ಹೊತ್ತು ಕಾಲು ಮೇಲಿಟ್ಕಂಡೇ ಅವ್ರೆ ಅಂತ."

ನಮ್ಮವರು ಗಹಗಹಿಸಿ ನಕ್ಕರು. "ನಾನೇಳ್ಲಿಲ್ವಾ? ಎತ್ತಿನ್ ಗಾಡಿ ಕಾಲು!"

ನಾನು ಮಾವನವರ ಕಾಲು ನೋಡಿದೆ. ಬಲಗಾಲಿನ ಹೆಬ್ಬೆರಳು ಮಣ್ಣಿನಲ್ಲಿ ಗುಳಿ ತೋಡುತ್ತಿತ್ತು. ಆಮೇಲೆ ಗೋಪುರದ ದಿಕ್ಕಿಗೆ ಕೈ ಎತ್ತಿ, "ಆ ರಂಗನಾಥನಾಣೆ, ಗೇರ್ ಆಕಿದ್ಮೇಲೆ ನಾನ್ ಕಾಲ್ ಇಡಾಕಿಲ್ಲ ಅದ್ರ ಮೇಲೆ. ಈ ವಯಸ್ನಲ್ಲಿ ಸುಳ್ಳಾಣೆ ಇಕ್ತೀನೇನ್ಲಾ?" ಅಂದರು.

ಆಣೆ ಬಂದಮೇಲೆ ನಗು ನಿಂತಿತು. ಅತ್ತೆ ಗಾಬರಿಯಾಗಿ ಕೆನ್ನೆ ಕೆನ್ನೆ ಬಡಿದುಕೊಂಡರು. ಗಫೂರನಿಗೂ ಇರುಸುಮುರುಸಾಯಿತು. "ಆಣೆ ಯಾಕೆ ಯಜಮಾನ್ರೇ, ನೀವೇ ಕೂತ್ಕಳಿ. ಎಂಜಿನ್ ಹಾಕಿ, ಒಂದ್ ಸಲ ಕ್ಲಚ್ ತುಳ್ದು ಬಿಟ್ಬುಡಿ. ನಾನು ಕೇಳ್ತೀನಿ" ಅಂದ.

ಮಾವನವರು ಕೂತರು. ಬಾಗಿಲು ತೆರೆದೇ ಇತ್ತು. ಗಫೂರ್, ನಮ್ಮವರು, ಪಕ್ಕದ ಅಂಗಡಿಯಿಂದ ಬಂದ ಒಂದಿಬ್ಬರು, ಎಲ್ಲರೂ ಬಾನೆಟ್ಟಿನ ಮೇಲೆ ಬಗ್ಗಿ ಕಿವಿಗೊಟ್ಟರು. ಎಂಜಿನ್ ಶುರುವಾಯಿತು. ಮಾವ ಕ್ಲಚ್ಚು ತುಳಿದರು. ಬೆನ್ನು ನೆಟ್ಟಗೆ ಮಾಡಿ, ಕಣ್ಣನ್ನು ದೂರದ ಕೋಟೆಯ ಗೋಡೆಯ ಮೇಲೆ ಇಟ್ಟು, "ಬುಟ್ಟೆ. ಕಾಲ್ ಕೆಳಗೈತೆ" ಅಂದರು.

ಕಿರ್ರ್ ಅನ್ನುವುದು ಶುರುವಾಯಿತು, ನಿಲ್ಲಲೇ ಇಲ್ಲ.

"ಕಾಲ್ ಕೆಳಗೈತೆ ಕಣಯ್ಯ, ಕೇಳ್ಕೊ! ಈಗ್ಲೂ ಕೂಗ್ತಾ ಐತೆ. ಈಗೇಳು, ಯಾರ್ದು ತಪ್ಪು?"

ಗಫೂರನ ಮುಖ ಕಂಗಾಲಾಯಿತು. ಕಾಲು ತೆಗೆದ ಮೇಲೂ ಕೂಗುವುದಾದರೆ ಅವನ ಪಾಠವೆಲ್ಲ ತಲೆಕೆಳಗು. ಸ್ಕ್ರೂಡ್ರೈವರನ್ನು ಇನ್ನೊಂದು ಕಡೆ ಇಟ್ಟು ನೋಡಿದ. ಎಲ್ಲರಿಗೂ ಕಿವಿಯದೇ ಚಿಂತೆ. ನನಗೆ ಕೇಳಲು ಜಾಗವೂ ಇರಲಿಲ್ಲ, ಗಂಡಸರ ನಡುವೆ ಬಗ್ಗುವ ಪದ್ಧತಿಯೂ ಇರಲಿಲ್ಲ. ತೆರೆದ ಬಾಗಿಲ ಪಕ್ಕದಲ್ಲಿ ಅತ್ತೆಯ ಹಿಂದೆ ಸೆರಗು ಹೊದ್ದು, ಮಾವನ ಎದುರು ನಿಂತ ಸೊಸೆ ಹೇಗೆ ನಿಲ್ಲಬೇಕೋ ಹಾಗೆ, ತಲೆ ತಗ್ಗಿಸಿ ನಿಂತಿದ್ದೆ. ತಲೆ ತಗ್ಗಿಸಿದವಳಿಗೆ ಕಾಣುವುದು ಕಾಲು ತಾನೇ.

ಎಡಗಾಲಿನ ಮೆಟ್ಟು ಕಳಚಿ ಕೆಳಗೆ ಬಿದ್ದಿತ್ತು. ಕಾಲು ಪೆಡಲ್ಲಿನ ಮೇಲೇ ಇತ್ತು. ಪೆಡಲ್ಲಿನ ರಬ್ಬರು ಎಂದೋ ಹೋಗಿ ಬರೀ ಕಬ್ಬಿಣ ಉಳಿದಿತ್ತು. ಅದರ ಅಂಚು ಪಾದದ ಕೆಳಗೆ ಹೂತುಹೋಗಿತ್ತು, ಆ ಜಾಗದಿಂದ ಕಪ್ಪಗೆ ರಕ್ತ ಇಳಿದು ಹಿಮ್ಮಡಿಯ ಬಿರುಕುಗಳಲ್ಲಿ ಒಣಗಿತ್ತು. ಅಂಥ ಗಾಯದ ಮೇಲೆ ಭಾರ ಹಾಕಿ ಕೂತ ಮನುಷ್ಯ ಹಲ್ಲು ಕಚ್ಚಬೇಕಿತ್ತು. ಬಲಗಾಲಿನ ಬೆರಳುಗಳು ಸಿಟ್ಟಿನಲ್ಲಿ ಆಡುತ್ತಿದ್ದವು. ಎಡಗಾಲು ಯಾರದೋ ಕಾಲಿನಂತೆ ಬಿದ್ದುಕೊಂಡಿತ್ತು.

ಅತ್ತೆಯ ಮೂಲಕ ಹೇಳಬೇಕು ಅನ್ನುವುದು ನನಗೆ ಮರೆತೇಹೋಯಿತು.

"ಮಾವ, ಕಾಲು ಪೆಡಲ್ ಮೇಲಿದೆ" ಅಂದೆ.

ಅತ್ತೆ ನನ್ನ ಮೊಣಕೈ ಚಿವುಟಿದರು. ಬಾನೆಟ್ಟಿನ ಮೇಲೆ ಬಗ್ಗಿದ್ದವರು ತಲೆ ಎತ್ತಿದರು. ನಾನು ಮಾವನವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಯಾವ ಕಾಲವ್ವಾ?" ಅಂದರು. ಸಿಟ್ಟಿರಲಿಲ್ಲ.

"ಎಡಗಾಲು."

"ಇಲ್ಲ ಕಣವ್ವ. ಕೆಳಗ್ ಇಟ್ಟಿದ್ದೀನಿ" ಅಂದರು. ಹಾಗೆ ಅಂದು, ಬಗ್ಗಿ ನೋಡಿದರು.

ನೋಡುತ್ತಲೇ ಇದ್ದರು. ಆ ಕಾಲು ತಾನಾಗಿ ಎದ್ದೀತು ಅಂತ ಅವರಿಗೆ ನಂಬಿಕೆ ಬರಲಿಲ್ಲವೋ ಏನೋ, ಮೊಣಕಾಲಿನ ಕೆಳಗೆ ಎರಡೂ ಕೈ ಕೊಟ್ಟು ಎತ್ತಿ ಪಕ್ಕಕ್ಕಿಟ್ಟರು. ಸದ್ದು ನಿಂತಿತು.

ಹುಣಸೆಮರದ ಕೆಳಗೆ ಎಂಜಿನ್ ಒಂದೇ ಸಮನೆ ಮೆತ್ತಗೆ ಓಡುತ್ತಿತ್ತು. ಇಷ್ಟು ದಿನ ಎಲ್ಲರೂ ಹುಡುಕಿದ್ದು ಆ ನಿಶ್ಶಬ್ದವನ್ನೇ. ನನಗೆ ನಾಗಮಂಗಲದ ಅಮಾವಾಸ್ಯೆಯ ಮಧ್ಯಾಹ್ನ ನೆನಪಾಗಿ ಅಳು ಬಂತು. ಗಫೂರ್ ಕೈ ಹಾಕಿ ಎಂಜಿನ್ ನಿಲ್ಲಿಸಿದ. ನಮ್ಮವರು ಬಾನೆಟ್ಟು ಬಿಟ್ಟು ಬಂದು ಬಾಗಿಲ ಬಳಿ ನೆಲದ ಮೇಲೆ ಕೂತುಬಿಟ್ಟರು. ಅಪ್ಪನ ಕಾಲನ್ನು ತೊಡೆಯ ಮೇಲಿಟ್ಟುಕೊಂಡರು.

"ನೋವಾಯ್ತದಾ ಅಪ್ಪಾ?"

"ಇಲ್ಲ ಕಣ್ಲಾ" ಅಂದರು ಮಾವ. "ಅದೇ ಇಲ್ಲ."

ಗಫೂರ್ ಒಂದು ಚೊಂಬು ನೀರು ತಂದು ತಾನೇ ಕಾಲಿಗೆ ಹುಯ್ದ. "ಕಾರ್ ಇಲ್ಲೇ ಇರ್ಲಿ. ಬೇರಿಂಗ್ ನಾನ್ ಹಾಕ್ತೀನಿ. ನೀವು ಸೀದಾ ಮೈಸೂರ್ ಆಸ್ಪತ್ರೆಗೆ ನಡೀರಿ" ಅಂದು, ರಸ್ತೆಗೆ ಓಡಿಹೋಗಿ ಮೈಸೂರಿಗೆ ಹೊರಟಿದ್ದ ಒಂದು ಟ್ಯಾಕ್ಸಿಗೆ ಅಡ್ಡ ನಿಂತ. ರಂಗನಾಥನ ದರ್ಶನ ಅವತ್ತು ಆಗಲಿಲ್ಲ. ಅತ್ತೆ ಟ್ಯಾಕ್ಸಿಯಿಂದಲೇ ಗೋಪುರಕ್ಕೆ ಕೈ ಮುಗಿದು, "ಇವ್ರು ಇಕ್ಕಿದ್ದು ಸುಳ್ಳಾಣೆ ಅಲ್ಲ ಕಣಪ್ಪ, ಗೊತ್ತಾಗ್ದೆ ಇಕ್ಕಿದ್ದು" ಅಂತ ಒಪ್ಪಿಸಿದರು.

ಸಕ್ಕರೆ ಕಾಯಿಲೆ ಅಂತ ಆಸ್ಪತ್ರೆಯಲ್ಲಿ ಹೇಳಿದರು. ಅದು ಬಹಳ ದಿನದಿಂದ ಮೈಯಲ್ಲಿದ್ದು ಕಾಲಿನ ನರಗಳನ್ನು ಜೋಮು ಹಿಡಿಸಿತ್ತು. ಡಾಕ್ಟರು ಸೂಜಿಯ ಮೊನೆಯಿಂದ ಎಡಗಾಲನ್ನು ಅಲ್ಲಲ್ಲಿ ಚುಚ್ಚುತ್ತ "ಗೊತ್ತಾಗುತ್ತಾ?" ಅಂತ ಕೇಳಿದರೆ, ಮಾವನವರು ಚಾವಣಿ ನೋಡುತ್ತ "ಚುಚ್ಚಿದ್ರಾ?" ಅಂತ ಅವರನ್ನೇ ಕೇಳಿದರಂತೆ. ಮೆಟ್ಟು ಕಳಚಿ ಬಿದ್ದದ್ದು ಅರುಳುಮರುಳಲ್ಲ, ಪೆಡಲ್ಲಿನ ಮೇಲೆ ಉಳಿದದ್ದು ಎತ್ತಿನ ಗಾಡಿಯ ಅಭ್ಯಾಸವೂ ಅಲ್ಲ. ಕಾಲು ಬೇರಿಂಗನ್ನು ತೇಯ್ದಿತ್ತು, ಪೆಡಲ್ಲು ಕಾಲನ್ನು ತೇಯ್ದಿತ್ತು. ಕೂಗಿಕೊಂಡದ್ದು ಬೇರಿಂಗು ಮಾತ್ರ. ಇನ್ನೂ ತಡವಾಗಿದ್ದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗಿತ್ತು ಅಂದರಂತೆ ಡಾಕ್ಟರು. ಗಾಯ ಮಾಯಲು ಬಹಳ ಕಾಲ ಹಿಡಿಯಿತು, ಆದರೆ ಮಾಯಿತು. ಕಾಲು ಉಳಿಯಿತು.

ಹೋದದ್ದು ಬೆಲ್ಲ. ಮಂಡಿಯಲ್ಲಿ ಕೂತು ಬೆಲ್ಲ ಬಾಯಿಗೆ ಹಾಕಿಕೊಳ್ಳದ ವ್ಯಾಪಾರಿಯನ್ನು ಪೇಟೆ ಅಲ್ಲಿಯವರೆಗೆ ಕಂಡಿರಲಿಲ್ಲ. ಅತ್ತೆ ಕಾವಲಿಗೆ ನಮ್ಮವರನ್ನು ಕೂರಿಸಿದರು. ಮಾವನವರು ಅಚ್ಚನ್ನು ಕಿವಿಯ ಹತ್ತಿರ ಹಿಡಿದು ತಟ್ಟಿ, ಒಮ್ಮೆ ಮೂಸಿ, ಬಹಳ ಹೊತ್ತು ನೋಡಿ, ಕೆಳಗಿಡುತ್ತಿದ್ದರು. ಆ ನೋಟ ಕಂಡರೆ ಯಾರಿಗಾದರೂ ಅಯ್ಯೋ ಅನ್ನಿಸುತ್ತಿತ್ತು.

ಗಫೂರ್ ಹೊಸ ಬೇರಿಂಗು ಹಾಕಿ, ಪೆಡಲ್ಲಿಗೆ ಹೊಸ ರಬ್ಬರು ಹಾಕಿ, ಕಾರನ್ನು ತಾನೇ ಪೇಟೆಗೆ ತಂದು ಬಿಟ್ಟ. ಹಳೆಯ ಬೇರಿಂಗನ್ನು ಚಿಂದಿಯಲ್ಲಿ ಸುತ್ತಿ ತಂದಿದ್ದ. "ಇದು ಬೇಟಿಗೆ, ನಿಮ್ ಮನೆಯೋರಿಗೆ ಕೊಡಿ. ನನ್ನ ಕಿವಿಗೆ ಸಿಗದೆ ಇದ್ದದ್ದು ಅವ್ರ ಕಣ್ಣಿಗೆ ಸಿಕ್ತು" ಅಂತ ನಮ್ಮವರ ಕೈಗಿಟ್ಟ. ಸವೆದು ನುಣ್ಣಗಾದ ಕಬ್ಬಿಣದ ಬಳೆ. ಇವತ್ತಿಗೂ ನಮ್ಮ ಅಡಿಗೆಮನೆಯಲ್ಲಿ ಬಿಸಿ ಸಾರಿನ ಪಾತ್ರೆ ಕೂರುವುದು ಅದರ ಮೇಲೇ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕಿರ್ ಅಂದಿಲ್ಲ.

ಕಾರು ಬಂದು ಮನೆಯ ಮುಂದೆ ನಿಂತಿತು. ಪಾಂಡವಪುರದವರು ಒಮ್ಮೆ ವಿಚಾರಿಸಿ ಹೋದರು, ನಮ್ಮವರೇ ಇಲ್ಲ ಅಂದು ಕಳಿಸಿದರು. ರಿಪೇರಿಯಾದರೆ ಕಾರು ಮಾವನವರ ಕೈಯಲ್ಲೇ ಅನ್ನುವುದು ರಾಜಿಯ ಮಾತು, ಅದರಂತೆ ಬೀಗದ ಕೈಯನ್ನು ಅಪ್ಪನ ಮುಂದಿಟ್ಟರು. ಮಾವನವರು ಅದನ್ನು ತೆಗೆದುಕೊಳ್ಳಲಿಲ್ಲ.

"ನನ್ ಕಾಲು ಎಲ್ಲೈತೆ ಅಂತ ನಂಗೇ ಗೊತ್ತಿಲ್ಲ. ಇನ್ನೊಬ್ರ ಪ್ರಾಣ ಕೂರಿಸ್ಕಂಡು ಓಡ್ಸಕಾದದಾ?" ಅಂದರು. ಯಾರೂ ಬಲವಂತ ಮಾಡಲಿಲ್ಲ. ಮಾಡಲು ಬರುವಂಥ ಮಾತೂ ಆಗಿರಲಿಲ್ಲ. ನಮ್ಮವರಿಗೆ ಮಂಡಿಯ ಕೆಲಸ ಹೆಚ್ಚಿತ್ತು. ಕಾರು ಬಹಳ ದಿನ ಹಾಗೇ ನಿಂತಿತ್ತು, ಅದರ ಮೇಲೆ ಅತ್ತೆ ಹಪ್ಪಳ ಒಣಗಿಸಿದರು. ಮಾವನವರು ಜಗುಲಿಯ ಮೇಲೆ ಕಾಲು ಚಾಚಿ ಕೂತು ಹಪ್ಪಳಕ್ಕೆ ಬಂದ ಕಾಗೆ ಓಡಿಸುತ್ತಿದ್ದರು. ಕಾರಿಲ್ಲದ ಅವರು ಚಿಕ್ಕವರಾಗಿ ಕಾಣುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆಯನ್ನು ಕರೆದು, ನಾನು ಬಾಗಿಲ ಮರೆಯಲ್ಲಿರುವುದು ಗೊತ್ತಿದ್ದೂ, "ನಿನ್ ಸೊಸೆಗೆ ಏಳು. ಸಂಜೆ ಅಕ್ಕಿಹೆಬ್ಬಾಳ್ ಕಡೆ ಓಗೋದೈತೆ. ಕಾರ್ ಅವ್ಳೇ ಓಡ್ಸೋದು, ನಾನ್ ಕಲಿಸ್ತೀನಿ" ಅಂದರು.

ಅತ್ತೆಯ ಕೈಯಿಂದ ಮೊರ ಬಿತ್ತು. "ತಲೆಗಿಲೆ ಕೆಟ್ಟದಾ? ಎಣ್ಣೆಂಗ್ಸು ಕಾರ್ ಓಡ್ಸದಾ? ಊರೋರು ಏನಂದಾರು?"

"ಊರೋರು ನನ್ ಕಾಲ್ ಉಳ್ಸುದ್ರಾ?" ಅಂದರು ಮಾವ. ಅಲ್ಲಿಗೆ ಮಾತು ಮುಗಿಯಿತು.

ಆ ಸಂಜೆ ಹೇಮಾವತಿಯ ಕಡೆಯ ರಸ್ತೆ. ಎರಡೂ ಕಡೆ ಕಬ್ಬು. ಅವರು ಎಡಗಡೆಯ ಸೀಟಿನಲ್ಲಿ ಊರುಗೋಲು ಹಿಡಿದು ಕೂತರು, ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಲಗಡೆ ಕೂತೆ. ಅವರು ಹೇಳಿದಂತೆ ತುಳಿದೆ, ಗೇರು ಹಾಕಿದೆ, ಬಿಟ್ಟೆ. ಕಾರು ನಾಲ್ಕು ಸಲ ಕಪ್ಪೆಯಂತೆ ಕುಪ್ಪಳಿಸಿ ನಿಂತಿತು. ಅವರು ಬಯ್ಯಲಿಲ್ಲ. ಐದನೆಯ ಸಲ ಉರುಳಿತು. ಗೇರು ಬದಲಾಯಿತು, ಇನ್ನೂ ಉರುಳಿತು. ನಾನು, ಕಾರು, ಕಬ್ಬಿನ ಗದ್ದೆಯ ಗಾಳಿ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ ಅಂದರೆ ನಮ್ಮವರು ಬೇಜಾರು ಮಾಡಿಕೊಳ್ಳಬಾರದು.

"ಸದ್ದು ಬತ್ತಾ ಐತಾ?" ಅಂತ ಕೇಳಿದರು ಮಾವ. ಬೆಲ್ಲ ತಟ್ಟಿ ಕೇಳುವ ಕಿವಿ ಅವರದು, ಆದರೂ ನನ್ನನ್ನೇ ಕೇಳಿದರು.

"ಇಲ್ಲ ಮಾವ" ಅಂದೆ, ಅಭ್ಯಾಸಬಲದಿಂದ ತಲೆ ತಗ್ಗಿಸಿ, ಅವರ ಎಡಗಾಲು ನೋಡುತ್ತ. ಹೊಸ ಮೆಟ್ಟು, ಬಿಳಿಯ ಪಟ್ಟಿ. ಕಾಲು ಇರಬೇಕಾದ ಜಾಗದಲ್ಲೇ ಇತ್ತು.

"ಅಂಗಾರೆ ಕಾಲ್ ಎತ್ತಿದ್ದೀಯ, ಸರಿ. ನನ್ ಕಾಲ್ ನೋಡಿದ್ದೂ ಸಾಕು" ಅಂದರು ಮಾವ. "ಈಗ ತಲೇನೂ ಎತ್ತವ್ವ. ಎದ್ರುಗೆ ಲಾರಿ ಬತ್ತಾ ಐತೆ."